ಪರಿಸರಸ್ನೇಹಿ ಸ್ನೋಬೋರ್ಡ್: ಯಾವ ಪದರ ಹಸಿರು, ಎಷ್ಟು ವರ್ಷ ಬಾಳುತ್ತೆ?

ಡಿಸೆಂಬರ್ ಹತ್ತಿರ ಬಂತು ಅಂದರೆ ಸ್ನೋಬೋರ್ಡ್ ಎಂಬ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರಲು ಬೆಂಗಳೂರಿನಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಟಿಕೆಟ್ ಮಾಡಿಸುವವರು ಹೆಚ್ಚಾಗುತ್ತಾರೆ. ಜೊತೆಗೇ ಒಂದು ಪ್ರಶ್ನೆ: "ಇಕೋ-ಫ್ರೆಂಡ್ಲಿ ಆಲ್-ಮೌಂಟನ್ (ಎಲ್ಲ ಬಗೆಯ ಹಿಮಕ್ಕೂ ಒಗ್ಗುವ) ಬೋರ್ಡ್‌ಗೆ ಅಷ್ಟು ದುಡ್ಡು ಕೊಡಬಹುದಾ?" ಕೊಡಬಹುದು. ಆದರೆ ಆ ಬೋರ್ಡ್ ಹತ್ತು ಸೀಸನ್ ಬಾಳಬೇಕು, ಪೆಟ್ಟು ಬಿದ್ದರೆ ರಿಪೇರಿ ಆಗಬೇಕು. ಮೂರೇ ವರ್ಷಕ್ಕೆ ಮೂಲೆಗೆ ಬೀಳುವ ಬೋರ್ಡನ್ನು ಯಾವ ಗಿಡದಿಂದ ಮಾಡಿದ್ದರೂ ಅದು ಪರಿಸರಕ್ಕೆ ಹೊರೆಯೇ.

ಬೋರ್ಡಿನ ರಚನೆ ಹೀಗಿರುತ್ತೆ: ತಳದಲ್ಲಿ ಪಾಲಿಎಥಿಲೀನ್ ಬೇಸ್, ಅದರ ಅಂಚಿಗೆ ಸ್ಟೀಲ್ ಎಡ್ಜ್, ಮೇಲೆ ಫೈಬರ್‌ಗ್ಲಾಸ್, ನಡುವೆ ಮರದ ಕೋರ್, ಮತ್ತೆ ಫೈಬರ್‌ಗ್ಲಾಸ್, ಕೊನೆಗೆ ಟಾಪ್‌ಶೀಟ್. ಪಕ್ಕದಲ್ಲಿ ಸೈಡ್‌ವಾಲ್. ಎಲ್ಲವನ್ನೂ ಎಪಾಕ್ಸಿ (ಗಟ್ಟಿಯಾಗುವ ರೆಸಿನ್ ಅಂಟು) ಹಚ್ಚಿ ಬಿಸಿ ಪ್ರೆಸ್‌ನಲ್ಲಿ ಒತ್ತಿರುತ್ತಾರೆ. ಒಟ್ಟು ತೂಕ ಸುಮಾರು ಮೂರು ಕಿಲೋ. ಆದ್ದರಿಂದ ಕಂಪನಿ "ಹಸಿರು" ಅಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಪದರ?

ಜಾಹೀರಾತಿನಲ್ಲಿ ಹೆಚ್ಚು ಮೆರೆಯುವುದು ಟಾಪ್‌ಶೀಟ್. ಹರಳೆಣ್ಣೆಯಿಂದ ಮಾಡಿದ ನೈಲಾನ್ ಹಾಳೆ ಅದು. ಜಗತ್ತಿನ ಹರಳಿನ ಬಹುಪಾಲು ಬೆಳೆಯುವುದು ನಮ್ಮ ದೇಶದಲ್ಲೇ, ಅದರಲ್ಲೂ ಗುಜರಾತಿನಲ್ಲಿ. ವಸ್ತು ಒಳ್ಳೆಯದು, ಗಟ್ಟಿಯೂ ಹೌದು. ಆದರೆ ಆ ಹಾಳೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಬೋರ್ಡಿನ ತೂಕದಲ್ಲಿ ಅದರ ಪಾಲು ತೀರಾ ಸಣ್ಣದು. ಅದೊಂದನ್ನೇ ತೋರಿಸಿ ಇಡೀ ಬೋರ್ಡನ್ನು ಹಸಿರು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ರೆಸಿನ್ ವಿಷಯ ಹೆಚ್ಚು ಮುಖ್ಯ. ಎಪಾಕ್ಸಿಗೆ ಬೇಕಾದ ಎಪಿಕ್ಲೋರೋಹೈಡ್ರಿನ್ ಅನ್ನು ಪೆಟ್ರೋಲಿಯಂ ಬದಲು ಗ್ಲಿಸರಿನ್‌ನಿಂದ ತಯಾರಿಸಬಹುದು. ಆ ಗ್ಲಿಸರಿನ್ ಬಯೋಡೀಸೆಲ್ ತಯಾರಿಯಲ್ಲಿ ಉಪಉತ್ಪನ್ನವಾಗಿ ಸಿಗುತ್ತದೆ. ಎಪಾಕ್ಸಿಯ ಇನ್ನೊಂದು ಕಚ್ಚಾವಸ್ತುವಾದ ಬಿಸ್ಫಿನಾಲ್ ಮಾತ್ರ ಸಾಮಾನ್ಯವಾಗಿ ಪೆಟ್ರೋಲಿಯಂನದೇ. ಹಾಗಾಗಿ "ಬಯೋ ರೆಸಿನ್" ಅಂತ ಬರೆದಿದ್ದರೆ ಶೇಕಡಾ ಎಷ್ಟು ಅಂತ ಕೇಳಿ. ಸಂಖ್ಯೆ ಹೇಳದ ಕಂಪನಿಯ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಇನ್ನೊಂದು ತಪ್ಪು ಕಲ್ಪನೆ: ಬಯೋ ರೆಸಿನ್ ಮಣ್ಣಲ್ಲಿ ಕರಗುತ್ತೆ ಅಂತ. ಕರಗುವುದಿಲ್ಲ. ಒಮ್ಮೆ ಗಟ್ಟಿಯಾದರೆ ಅದೂ ಮಾಮೂಲಿ ಎಪಾಕ್ಸಿಯಂತೆಯೇ. ನಮ್ಮ ಗುಜರಿ ಅಂಗಡಿಯವರಿಗೆ ಹಳೆ ಬೋರ್ಡಿನಲ್ಲಿ ಆ ಸ್ಟೀಲ್ ಎಡ್ಜ್ ಬಿಟ್ಟರೆ ಬೇರೇನೂ ಬೇಡ.

ಕೋರ್‌ಗೆ ಪಾಪ್ಲರ್, ಪಾಲೋನಿಯಾ, ಬಿದಿರು ಸಾಮಾನ್ಯ. ಎಫ್‌ಎಸ್‌ಸಿ ಮುದ್ರೆ (ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನ ಮರ ಅನ್ನುವ ಗುರುತು) ಇದ್ದರೆ ಒಳ್ಳೆಯದು. ಪಾಲೋನಿಯಾ ಹಗುರ, ಬೇಗ ಬೆಳೆಯುವ ಮರ, ಆದರೆ ಮೆದು. ಪೂರ್ತಿ ಪಾಲೋನಿಯಾ ಆದರೆ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಕಟ್ಟು) ಕೆಳಗಿನ ಇನ್ಸರ್ಟ್‌ಗಳು (ಅದರ ಸ್ಕ್ರೂ ಕೂರುವ ಲೋಹದ ಗೂಡುಗಳು) ಕಾಲಕ್ರಮೇಣ ಸಡಿಲವಾಗಬಹುದು. ಪಾದದ ಕೆಳಗೆ ಪಾಪ್ಲರ್ ಅಥವಾ ಬೀಚ್ ಮರದ ಪಟ್ಟಿ ಸೇರಿಸಿದ್ದಾರಾ ನೋಡಿ. ಬಿದಿರು ಪುಟಿಯುತ್ತೆ, ಬಾಳುತ್ತೆ, ಸ್ವಲ್ಪ ಭಾರ. ಅಗಸೆ ನಾರಿನ ಪಟ್ಟಿ (ಚಟ್ನಿಪುಡಿಗೆ ಹಾಕುವ ಅದೇ ಅಗಸೆ ಗಿಡ) ಗಟ್ಟಿ ಹಿಮದ ಮೇಲಿನ ನಡುಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಆದರೆ ಸೀಲ್ ಒಡೆದರೆ ನೀರನ್ನೂ ಹೀರುತ್ತದೆ.

ಕಾರ್ಖಾನೆಯ ಕರೆಂಟಿನ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಬಿಸಿ ಪ್ರೆಸ್‌ಗೆ ವಿದ್ಯುತ್ ಸಾಕಷ್ಟು ಬೇಕು. ಕಾಪಿಟಾ ಕಂಪನಿಯ ಆಸ್ಟ್ರಿಯಾದ ಕಾರ್ಖಾನೆ ಜಲವಿದ್ಯುತ್ತಿನಲ್ಲಿ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಟಾಪ್‌ಶೀಟ್‌ಗಿಂತ ಇದಕ್ಕೆ ತೂಕ ಜಾಸ್ತಿ.

ಇನ್ನು ಬೋರ್ಡನ್ನು ಕೈಯಲ್ಲಿ ಹಿಡಿದು ನೋಡುವುದು. ಒಂದು ಸ್ಟೀಲ್ ಸ್ಕೇಲನ್ನು ಬೇಸಿಗೆ ಅಡ್ಡಲಾಗಿ ನಿಲ್ಲಿಸಿ, ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಎಡ್ಜ್ ಎತ್ತರವಾಗಿದೆ, ಬೋರ್ಡ್ ಹಿಮದಲ್ಲಿ ಸಿಕ್ಕಿಹಾಕಿಕೊಂಡು ಬೀಳಿಸುತ್ತದೆ. ಅಂಚಿನ ಬಳಿ ಬೆಳಕು ಕಂಡರೆ ಬೇಸ್ ಉಬ್ಬಿದೆ, ತಿರುವಿನಲ್ಲಿ ಹಿಡಿತ ಸಿಗುವುದಿಲ್ಲ. ಸೈಡ್‌ವಾಲ್ ಮತ್ತು ಎಡ್ಜ್ ಸೇರುವಲ್ಲಿ ಉಗುರು ಎಳೆಯಿರಿ. ಎಲ್ಲಾದರೂ ತಡೆದರೆ ಅಂಟು ಬಿಡಲು ಶುರುವಾಗಿದೆ ಅಂತ ತಿಳಿಯಿರಿ. ಟಾಪ್‌ಶೀಟಿನ ಕೆಳಗೆ ಬಿಳಿ ಮಚ್ಚೆ ಇದ್ದರೆ ಅಲ್ಲಿ ರೆಸಿನ್ ಸರಿಯಾಗಿ ಸೇರಿಲ್ಲ. ಇನ್ಸರ್ಟ್‌ಗೆ ಎಂ6 ಸ್ಕ್ರೂ ಕೈಯಿಂದಲೇ ನಾಲ್ಕೈದು ಸುತ್ತು ಸಲೀಸಾಗಿ ಇಳಿಯಬೇಕು. ಉದ್ದದ ಸ್ಕ್ರೂ ಹಾಕಿ ಬಿಗಿದರೆ ಬೇಸ್ ಕೆಳಗಿನಿಂದ ಉಬ್ಬುತ್ತದೆ, ಇದು ತುಂಬಾ ಸಾಮಾನ್ಯ ತಪ್ಪು.

ಬೇಸ್ ಸಿಂಟರ್ಡ್ (ಪ್ಲಾಸ್ಟಿಕ್ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು) ಇರಲಿ. ಎಕ್ಸ್‌ಟ್ರೂಡೆಡ್ (ಕರಗಿಸಿ ಹಾಳೆ ಮಾಡಿದ್ದು) ಅಗ್ಗ, ಆದರೆ ಬೇಗ ಸವೆಯುತ್ತೆ, ಚೆನ್ನಾಗಿ ಜಾರಲು ಹಚ್ಚುವ ವ್ಯಾಕ್ಸ್ ಹೀರುವುದೂ ಕಡಿಮೆ. ಗುಲ್ಮಾರ್ಗ್‌ನಲ್ಲಿ ಸೀಸನ್ ಆರಂಭದಲ್ಲಿ, ಹಿಮ ಕಡಿಮೆ ಬಿದ್ದ ವರ್ಷಗಳಲ್ಲೂ, ಕಲ್ಲು ಮೇಲಕ್ಕೇ ಇರುತ್ತೆ. ಗೊಂಡೊಲಾ (ಕೇಬಲ್ ಕಾರ್) ಎರಡನೇ ಹಂತ ಅಫರ್ವಾಟ್ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ಗೆ ಬಿಡುತ್ತದೆ. ಅಲ್ಲಿ ಆಳದ ಪೌಡರ್ (ಹೊಸ ಮೆದು ಹಿಮ), ಕೆಳಗೆ ಮೊದಲ ಹಂತ ಮುಗಿಯುವ ಕೊಂಗ್ಡೂರಿ ಕಡೆ ಜನ ಓಡಾಡಿ ಕೆದಕಿದ ಹಿಮ. ಎರಡಕ್ಕೂ ಒಂದೇ ಬೋರ್ಡ್ ಅಂದರೆ ಪಾದಗಳ ನಡುವೆ ಕ್ಯಾಂಬರ್ (ನಡು ನೆಲದಿಂದ ಮೇಲೆದ್ದ ಬಾಗು), ಮೂತಿಯಲ್ಲಿ ರಾಕರ್ (ತುದಿ ಮೇಲಕ್ಕೆ ಎತ್ತಿದ ಬಾಗು) ಇರುವ ಡೈರೆಕ್ಷನಲ್ (ಮುಂದೆ ಒಂದು, ಹಿಂದೆ ಇನ್ನೊಂದು) ಆಕಾರ ಸರಿ. ಬೋರ್ಡಿನ ಅಳತೆಯನ್ನು ನಿಮ್ಮ ಎತ್ತರ ನೋಡಿ ಅಲ್ಲ, ನಿಮ್ಮ ತೂಕ ನೋಡಿ ಆರಿಸಿ. ಪಾದ ಯುಕೆ 10 ಅಥವಾ ಮೇಲಿದ್ದರೆ ವೈಡ್ ಮಾಡೆಲ್ ಕೇಳಿ, ಇಲ್ಲವಾದರೆ ಕಡಿದಾದ ತಿರುವಿನಲ್ಲಿ ಬೂಟಿನ ತುದಿ ಹಿಮಕ್ಕೆ ತಾಗುತ್ತೆ.

ಕಲ್ಲು ತಾಗಿ ಕೋರ್ ಕಂಡರೆ ಅವತ್ತೇ ಬೋರ್ಡ್ ನಿಲ್ಲಿಸಿ, ಟೇಪ್ ಅಂಟಿಸಿ ಮನೆಗೆ ತನ್ನಿ. ಒಳಗಿನ ತೇವ ಆರಲು ಕನಿಷ್ಠ ಒಂದು ದಿನ ಬೇಕು. ತೇವ ಇರುವಾಗ ಮುಚ್ಚಿದರೆ ಮರ ಕೊಳೆಯುತ್ತೆ, ಪದರ ಬಿಡುತ್ತೆ. ಬೇಸ್‌ಗೆ ಹಚ್ಚುವ ಪಿ-ಟೆಕ್ಸ್ (ಪಾಲಿಎಥಿಲೀನ್) ಕಡ್ಡಿಯನ್ನು ನೇರವಾಗಿ ಕರಗಿಸಿ ತುಂಬಬೇಡಿ, ಮರಕ್ಕೂ ಸ್ಟೀಲಿಗೂ ಅದು ಹಿಡಿಯುವುದಿಲ್ಲ, ಉದುರುತ್ತೆ. ನಿಧಾನವಾಗಿ ಗಟ್ಟಿಯಾಗುವ, 24 ಗಂಟೆಯ ಎಪಾಕ್ಸಿ ತುಂಬಿ. ಐದು ನಿಮಿಷದ್ದು ಪೆಡಸು, ಬಾಗುವ ಬೋರ್ಡಿನಲ್ಲಿ ಸೀಳುತ್ತೆ. ಅಂಟು ಬಿಟ್ಟ ಅಂಚಿಗೂ ಇದೇ ಎಪಾಕ್ಸಿ, ಮೇಲೆ ಕೆಳಗೆ ಮರದ ತುಂಡಿಟ್ಟು ಸಿ-ಕ್ಲ್ಯಾಂಪ್ ಬಿಗಿಯಿರಿ. ಕ್ಲ್ಯಾಂಪ್, ಎಪಾಕ್ಸಿ ಎರಡೂ ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಸಿಗುತ್ತವೆ. ಗುಲ್ಮಾರ್ಗ್‌ನ ಚಳಿ ಕೋಣೆಗಿಂತ ಬೆಂಗಳೂರಿನ ಹವೆಯಲ್ಲಿ ಎಪಾಕ್ಸಿ ಚೆನ್ನಾಗಿ ಗಟ್ಟಿಯಾಗುತ್ತೆ.

ಮಳೆಗಾಲದಲ್ಲಿ ಎಡ್ಜ್ ತುಕ್ಕು ಹಿಡಿಯುತ್ತೆ. ಸೀಸನ್ ಮುಗಿದ ತಕ್ಷಣ ಬೈಂಡಿಂಗ್ ಬಿಚ್ಚಿ, ಒರೆಸಿ, ಬೇಸ್ ಮತ್ತು ಎಡ್ಜ್ ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಕರಗಿಸಿ ದಪ್ಪಗೆ ವ್ಯಾಕ್ಸ್ ಹಚ್ಚಿ, ಕೆರೆಯದೆ ಹಾಗೇ ಇಡಿ. ವ್ಯಾಕ್ಸ್ ಹೊಗೆಯಾಡಿದರೆ ಇಸ್ತ್ರಿ ಪೆಟ್ಟಿಗೆ ಅತಿ ಬಿಸಿಯಾಗಿದೆ. ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಲೇಬೇಡಿ. ಬೋರ್ಡನ್ನು ಟೆರೇಸಿನ ಶೀಟ್ ರೂಮಿಗಿಂತ ಮಂಚದ ಕೆಳಗೆ ಇಡುವುದು ವಾಸಿ. ವ್ಯಾಕ್ಸ್ ಫ್ಲೋರಿನ್ ಇಲ್ಲದ್ದೇ ಆಗಿರಲಿ. 2023-24ರ ಸೀಸನ್‌ನಿಂದ ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಸ್ಪರ್ಧೆಗಳಲ್ಲೇ ಫ್ಲೋರಿನ್ ವ್ಯಾಕ್ಸ್ ನಿಷೇಧಿಸಿದೆ. ಗುಲ್ಮಾರ್ಗ್‌ನ ಹಿಮ ಕರಗಿ ಝೀಲಂ ಸೇರುವುದು ನೆನಪಿರಲಿ.

ಬೆಂಗಳೂರಿನಿಂದ ಶ್ರೀನಗರಕ್ಕೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಹೋಗಿಬರುವ ವಿಮಾನದಲ್ಲಿ ಒಬ್ಬರ ಪಾಲಿಗೆ ನೂರಾರು ಕಿಲೋ ಇಂಗಾಲದ ಡೈಆಕ್ಸೈಡ್. ಹೀಗಾಗಿ ವರ್ಷಕ್ಕೆ ನಾಲ್ಕು ದಿನದ ಎರಡು ಟ್ರಿಪ್ ಬದಲು ಎಂಟು ದಿನದ ಒಂದು ಟ್ರಿಪ್ ಮಾಡಿದರೆ ಯಾವ ಬಯೋ ರೆಸಿನ್‌ಗಿಂತಲೂ ಹೆಚ್ಚು ಉಳಿಯುತ್ತೆ. ಮೊದಲೆರಡು ಸೀಸನ್ ಕಲಿಯುವವರು ಬೋರ್ಡ್ ಕೊಳ್ಳಲೇಬೇಡಿ, ಅಲ್ಲೇ ಬಾಡಿಗೆಗೆ ತಗೊಳ್ಳಿ. ಬಾಡಿಗೆ ಅಂಗಡಿಯಲ್ಲೂ ಆ ಸ್ಕೇಲ್, ಉಗುರು, ಸ್ಕ್ರೂ ಪರೀಕ್ಷೆ ಮಾಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೋರ್ಡನ್ನು ನೆಲದ ಮೇಲಿಟ್ಟು, ಕ್ಯಾಂಬರ್ ಇನ್ನೂ ನಡುವೆ ಎದ್ದಿದೆಯಾ ನೋಡಿ. ಕ್ಯಾಂಬರ್ ಬೋರ್ಡ್ ಪೂರ್ತಿ ಚಪ್ಪಟೆಯಾಗಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ.