ಪರ–ವಿರೋಧ: ನಿಲ್ಲಿಸಿದ ಕಾರು ಜಾರದಂತೆ ಕಾರೇ ನೋಡಿಕೊಳ್ಳಬೇಕೇ?

ಆಟೊಮ್ಯಾಟಿಕ್ ಕಾರಿನ ಗೇರನ್ನು ‘ಪಾರ್ಕ್’ಗೆ, ಅಂದರೆ ಗಾಡಿ ಅಲುಗದಂತೆ ಹಿಡಿದಿಡುವ ಜಾಗಕ್ಕೆ, ಹಾಕದೆ ಡ್ರೈವರ್ ಬಾಗಿಲು ತೆರೆದು ಇಳಿದರೆ, ಕಾರೇ ಅದನ್ನು ಗಮನಿಸಿ ತಾನಾಗಿ ಪಾರ್ಕ್‌ಗೆ ಹೋಗುತ್ತದೆ, ಇಲ್ಲವೇ ಬ್ರೇಕ್ ಹಾಕಿಕೊಳ್ಳುತ್ತದೆ. ಈಗ ಎಷ್ಟೋ ಕಾರುಗಳಲ್ಲಿ ಈ ವ್ಯವಸ್ಥೆ ಇದೆ. ಇದನ್ನು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಬೇಕೇ? ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ ಮಾಡಬೇಕು ಅನ್ನುತ್ತಾರೆ. ಮಡಿಕೇರಿಯಲ್ಲಿ ಡ್ರೈವಿಂಗ್ ಕಲಿಸುವ ಅಣ್ಣ ಬೇಡ ಅನ್ನುತ್ತಾರೆ.

ಪರ: ಗಂಟೆ ಹೊಡೆದರೆ ಸಾಲದು, ಗಾಡಿ ನಿಲ್ಲಬೇಕು

ಕಳೆದ ವರ್ಷ ಅಮ್ಮ ನಮ್ಮ ಮನೆಗೆ ಬಂದಿದ್ದರು. ಒಂದು ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋಗಿ ಬಂದೆವು. ನಮ್ಮ ಗ್ಯಾರೇಜ್ ರಸ್ತೆಗಿಂತ ಎತ್ತರದಲ್ಲಿದೆ. ಏರು ಹತ್ತಿ ಕಾರು ನಿಲ್ಲಿಸಿದೆ. ಅಮ್ಮ ಮೊದಲೇ ಇಳಿದು ಚೀಲ ತೆಗೆಯಲು ಹಿಂದಕ್ಕೆ ಹೋದರು. ಅಷ್ಟರಲ್ಲಿ ಮಗನ ಶಾಲೆಯಿಂದ ಫೋನ್ ಬಂತು. ಮಾತಾಡುತ್ತಲೇ ಬೆಲ್ಟ್ ಬಿಚ್ಚಿದೆ, ಬಾಗಿಲು ತೆರೆದೆ, ಒಂದು ಕಾಲು ಹೊರಗಿಟ್ಟೆ. ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಕಾರು, ಎಂಜಿನ್ ಸದ್ದೇ ಇರಲಿಲ್ಲ. ಆಫ್ ಮಾಡಿದ್ದೇನೆ ಅಂದುಕೊಂಡಿದ್ದೆ. ಗೇರ್ ಇನ್ನೂ ‘ಡಿ’ಯಲ್ಲೇ, ಅಂದರೆ ಮುಂದಕ್ಕೆ ಓಡಿಸುವ ‘ಡ್ರೈವ್’ನಲ್ಲೇ ಇತ್ತು. ಕಾರು ಎರಡು ಕ್ಷಣ ಸುಮ್ನೆ ನಿಂತಿತ್ತು. ಆಮೇಲೆ ಹಿಂದಕ್ಕೆ ಜಾರತೊಡಗಿತು.

“ಅಮ್ಮಾ, ಪಕ್ಕಕ್ಕೆ!” ಅಂತ ಕಿರುಚಿದೆ. ಅವರು ಸರಿದರು. ಕಾರು ಕಸದ ಡಬ್ಬಿ ಕೆಡವಿ, ರಸ್ತೆ ದಾಟಿ, ಎದುರಿನ ಫುಟ್‌ಪಾತ್ ಅಂಚಿಗೆ ಗುದ್ದಿ ನಿಂತಿತು. ಅಮ್ಮನಿಗೆ 71 ವರ್ಷ, ಮಂಡಿನೋವು ಬೇರೆ. ಅವತ್ತು ಅಷ್ಟು ಬೇಗ ಹೇಗೆ ಸರಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಂಟನ್ ಯೆಲ್ಚಿನ್ ಅವರಿಗೆ ಆ ಅದೃಷ್ಟ ಇರಲಿಲ್ಲ. ‘ಸ್ಟಾರ್ ಟ್ರೆಕ್’ ಸಿನಿಮಾಗಳ ನಟ. 2016ರ ಜೂನ್ 19ರಂದು ಲಾಸ್ ಏಂಜಲೀಸ್‌ನ ತಮ್ಮ ಮನೆಯ ಇಳಿಜಾರು ದಾರಿಯಲ್ಲಿ ತಮ್ಮದೇ ಜೀಪ್ ಗ್ರ್ಯಾಂಡ್ ಚೆರೋಕಿ ಜಾರಿ ಬಂದು ಗೇಟಿನ ಕಂಬಕ್ಕೆ ಅವರನ್ನು ಒತ್ತಿಹಾಕಿತು. ವಯಸ್ಸು 27. ಆ ಮಾದರಿಯ ಗೇರ್ ಲಿವರ್‌ನಲ್ಲಿ ಒಂದು ವಿಚಿತ್ರ ಇತ್ತು. ಯಾವ ಗೇರಿಗೆ ತಳ್ಳಿದರೂ ಕೈಬಿಟ್ಟ ತಕ್ಷಣ ಲಿವರ್ ಮೊದಲಿನ ಜಾಗಕ್ಕೇ ಬರುತ್ತಿತ್ತು. ಗಾಡಿ ಯಾವ ಗೇರಿನಲ್ಲಿದೆ ಅಂತ ಕೈಗೆ ತಿಳಿಯುತ್ತಿರಲಿಲ್ಲ. ಅಕ್ಷರದ ದೀಪ ನೋಡಿಯೇ ತಿಳಿಯಬೇಕಿತ್ತು. ಅವರ ಸಾವಿಗೆ ಎರಡು ತಿಂಗಳ ಹಿಂದೆಯಷ್ಟೇ ಜೀಪ್ ತಯಾರಿಸುತ್ತಿದ್ದ ಫಿಯೆಟ್ ಕ್ರೈಸ್ಲರ್ ಕಂಪನಿ ಇಂಥ ಸುಮಾರು 11 ಲಕ್ಷ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆದಿತ್ತು. ಆದರೆ ರಿಪೇರಿ ಇನ್ನೂ ಸಿದ್ಧವಾಗಿರಲಿಲ್ಲ.

ಆ ಗಾಡಿಗಳಲ್ಲಿ ಎಚ್ಚರಿಕೆ ಇರಲಿಲ್ಲ ಅಂತಲ್ಲ. ಪಾರ್ಕ್‌ಗೆ ಹಾಕದೆ ಬಾಗಿಲು ತೆರೆದರೆ ಗಂಟೆ ಹೊಡೆಯುತ್ತಿತ್ತು, ಪರದೆಯ ಮೇಲೆ ಬರಹವೂ ಬರುತ್ತಿತ್ತು. ಆದರೂ ಹತ್ತಾರು ಜನ ಗಾಯಗೊಂಡಿದ್ದರು. ಈಗಿನ ಕಾರು ದಿನವಿಡೀ ಏನೋ ಒಂದಕ್ಕೆ ಗಂಟೆ ಹೊಡೆಯುತ್ತಲೇ ಇರುತ್ತದೆ. ಯಾವುದಕ್ಕೆ ಅಂತ ತಿರುಗಿ ನೋಡುವುದು?

ಕೊನೆಗೆ ಕಂಪನಿ ಕೊಟ್ಟ ಪರಿಹಾರ ಸಾಫ್ಟ್‌ವೇರ್. ಗಾಡಿ ಹೆಚ್ಚುಕಡಿಮೆ ನಿಂತಿದೆ, ಬೆಲ್ಟ್ ಬಿಚ್ಚಿದೆ, ಬಾಗಿಲು ತೆರೆದಿದೆ, ಬ್ರೇಕ್ ಮೇಲೆ ಕಾಲಿಲ್ಲ. ಈ ನಾಲ್ಕೂ ಕೂಡಿದರೆ ಗಾಡಿ ತಾನೇ ಪಾರ್ಕ್‌ಗೆ ಹೋಗುತ್ತದೆ. ನಾನು ಅವತ್ತು ಮಾಡಿದ್ದು ಇದೇ ನಾಲ್ಕು ಕೆಲಸ! ನನ್ನ ಕಾರಿನಲ್ಲಿ ಇದು ಇದ್ದಿದ್ದರೆ ಅಮ್ಮ ಚೀಲ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು, ಅಷ್ಟೇ.

“ಜನಕ್ಕೆ ಬುದ್ಧಿ ಹೇಳಿ” ಅನ್ನುವವರಿಗೆ 1980ರ ಕಥೆ ಗೊತ್ತಿರಲಿ. ಫೋರ್ಡ್ ಗಾಡಿಗಳು ಪಾರ್ಕ್‌ನಿಂದ ತಾವಾಗಿ ರಿವರ್ಸ್‌ಗೆ ಜಾರುತ್ತವೆ ಅಂತ ಅಮೆರಿಕದಲ್ಲಿ ಸಾವಿರಾರು ದೂರು ಬಂದಿದ್ದವು. ಸುಮಾರು 2.3 ಕೋಟಿ ಗಾಡಿಗಳ ಪ್ರಶ್ನೆ ಅದು. ಸರ್ಕಾರ ಕೊನೆಗೆ ಒಪ್ಪಿಕೊಂಡಿದ್ದು ಯಾವುದಕ್ಕೆ? ಮಾಲೀಕರಿಗೆ ಒಂದು ಸ್ಟಿಕ್ಕರ್ ಕಳಿಸುವುದಕ್ಕೆ. ‘ಇಳಿಯುವ ಮೊದಲು ಪಾರ್ಕ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ’ ಅಂತ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಬೇಕಿತ್ತು. ಯಂತ್ರದ ತಪ್ಪಿಗೆ ಮನುಷ್ಯನಿಗೆ ಚೀಟಿ. ಇದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಕಡ್ಡಾಯ ಮಾಡುವುದು ಹೊಸ ಮಾತೂ ಅಲ್ಲ. ಬ್ರೇಕ್ ತುಳಿಯದೆ ಪಾರ್ಕ್‌ನಿಂದ ಗೇರ್ ಬದಲಾಗಬಾರದು ಅಂತ ಇಲ್ಲಿ 2010ರ ಸೆಪ್ಟೆಂಬರ್‌ನಿಂದ ನಿಯಮ ಇದೆ. ಕಾರಿನಲ್ಲಿ ಆಡುವ ಮಕ್ಕಳು ಗೇರ್ ಎಳೆದರೂ ಗಾಡಿ ಹೊರಡದಿರಲಿ ಅಂತ. ಅದರಿಂದ ಡ್ರೈವಿಂಗ್ ಕೆಟ್ಟುಹೋಯಿತು ಅಂತ ಯಾರೂ ದೂರುವುದನ್ನು ನಾನು ಕೇಳಿಲ್ಲ. ನಮ್ಮ ಊರಿನ ಲಾರಿಗಳನ್ನೇ ನೋಡಿ. ಅವುಗಳ ಪಾರ್ಕಿಂಗ್ ಬ್ರೇಕಿನಲ್ಲಿ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಗಾಳಿಯ ಒತ್ತಡ ಅದನ್ನು ಬಿಡಿಸಿಟ್ಟಿರುತ್ತದೆ. ಗಾಳಿ ಸೋರಿಹೋದರೆ ಸ್ಪ್ರಿಂಗ್ ಬಂದು ಚಕ್ರ ಹಿಡಿಯುತ್ತದೆ. ಲಾರಿಗೆ ಬೇಕಾದ ರಕ್ಷಣೆ ಕಾರಿಗೆ ಯಾಕೆ ಬೇಡ?

ಇನ್ನೊಂದು ಮಾತು. ಮೊದಲಿನ ಆಟೊಮ್ಯಾಟಿಕ್ ಕಾರುಗಳಲ್ಲಿ ಪಾರ್ಕ್‌ಗೆ ಹಾಕದಿದ್ದರೆ ಕೀಲಿಯೇ ಹೊರಗೆ ಬರುತ್ತಿರಲಿಲ್ಲ. ಕೀಲಿ ಕೈಯಲ್ಲಿದೆ ಅಂದರೆ ಗಾಡಿ ಭದ್ರವಾಗಿದೆ ಅಂತಲೇ ಅರ್ಥ. ಈಗ ಕೀಲಿ ಯಾವಾಗಲೂ ವ್ಯಾನಿಟಿ ಬ್ಯಾಗಿನಲ್ಲೇ ಇರುತ್ತದೆ. ಆ ಕಾವಲನ್ನು ತೆಗೆದವರು ಕಾರು ಮಾಡುವವರು. ಬದಲಿಗೆ ಇನ್ನೊಂದು ಕೊಡಬೇಕಾದವರೂ ಅವರೇ, ಅಲ್ವಾ?

ವಿರೋಧ: ಕೈಬ್ರೇಕನ್ನು ಮರೆಸುವ ಕಾನೂನು ಬೇಡ

ಅಮ್ಮ ಈ ವಿಷಯವನ್ನು ಎರಡು ದಿನ ಬಿಟ್ಟು ಫೋನಿನಲ್ಲಿ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ತಂಗಿಗೆ ಕಾರು ಕಲಿಸಿದವನು ನಾನೇ.

ಅವಳ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ‘ಎರಡು ಕ್ಷಣ’. ಗೇರ್ ‘ಡಿ’ಯಲ್ಲಿದೆ, ಗಾಡಿ ಏರಿನಲ್ಲಿದೆ, ಬ್ರೇಕಿನಿಂದ ಕಾಲು ತೆಗೆದಿದ್ದಾಳೆ. ಆದರೂ ಗಾಡಿ ಯಾಕೆ ಅಲುಗಲಿಲ್ಲ? ಏರಿನಲ್ಲಿ ಹೊರಡುವಾಗ ಹಿಂದೆ ಜಾರದಿರಲಿ ಅಂತ ಈಗಿನ ಕಾರುಗಳು ಎರಡು ಮೂರು ಸೆಕೆಂಡ್ ತಾವೇ ಬ್ರೇಕ್ ಹಿಡಿದಿರುತ್ತವೆ. ಆಮೇಲೆ ಬಿಟ್ಟುಬಿಡುತ್ತವೆ. ಅದು ಇರದಿದ್ದರೆ ಅವಳು ಕಾಲೆತ್ತಿದ ಕ್ಷಣವೇ ಗಾಡಿ ಹಿಂದೆ ಹೋಗುತ್ತಿತ್ತು. ಕಾಲು ಅಲ್ಲೇ ಇತ್ತು. ಒತ್ತಿ ನಿಲ್ಲಿಸುತ್ತಿದ್ದಳು. ಅವಳಿಗೆ ‘ಗಾಡಿ ನಿಂತಿದೆ’ ಅಂತ ಸುಳ್ಳು ಹೇಳಿದ್ದು ಒಂದು ಆಟೊಮ್ಯಾಟಿಕ್ ವ್ಯವಸ್ಥೆ. ಈಗ ಅದರ ಮೇಲೆ ಇನ್ನೊಂದು ಆಟೊಮ್ಯಾಟಿಕ್ ಕಡ್ಡಾಯ ಮಾಡಿ ಅನ್ನುತ್ತಾಳೆ.

ಇದು ಕಾರಿನ ಕಥೆ ಮಾತ್ರ ಅಲ್ಲ. 2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್ ಎಂಬ ಊರಿಗೆ ಡ್ರೈವರ್ ಇಲ್ಲದ ತೈಲದ ರೈಲು ನುಗ್ಗಿತು. 47 ಜನ ಸತ್ತರು. ಇಳಿಜಾರಿನಲ್ಲಿ ನಿಲ್ಲಿಸಿದ್ದ ರೈಲು ಅದು. ಡ್ರೈವರ್ ಕೆಲವೇ ಕೈಬ್ರೇಕು ಹಾಕಿ, ರೈಲು ನಿಲ್ಲುತ್ತದಾ ಅಂತ ಪರೀಕ್ಷೆಯನ್ನೂ ಮಾಡಿದ್ದರು. ಆದರೆ ಪರೀಕ್ಷೆ ಮಾಡುವಾಗ ಎಂಜಿನ್ನಿನ ಗಾಳಿ ಬ್ರೇಕೂ ಹಿಡಿದಿತ್ತು. ಹಾಗಾಗಿ ಕೈಬ್ರೇಕು ಸಾಕಾಗಿದೆ ಅನ್ನಿಸಿತು. ರಾತ್ರಿ ಎಂಜಿನ್ನಿಗೆ ಬೆಂಕಿ ಬಿತ್ತು. ಆರಿಸಲು ಬಂದವರು ಎಂಜಿನ್ ಆಫ್ ಮಾಡಿದರು. ಗಾಳಿ ಮೆಲ್ಲಗೆ ಸೋರಿ ಆ ಗಾಳಿ ಬ್ರೇಕ್ ಸಡಿಲವಾಯಿತು. ರೈಲು ಹೊರಟಿತು. ಒಂದು ಬ್ರೇಕಿನ ಬಲ ಇನ್ನೊಂದು ಬ್ರೇಕಿನ ಕೊರತೆಯನ್ನು ಮುಚ್ಚಿಡುತ್ತದೆ ಅಂತ ನಾನು ಹೇಳುವುದು ಇದನ್ನೇ.

ಪಾರ್ಕ್ ಅಂದರೂ ಒಳಗಿರುವುದು ಒಂದು ಸಣ್ಣ ಕೊಕ್ಕೆ. ಅದು ಗೇರ್ ಬಾಕ್ಸಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡು ಗಾಡಿಯನ್ನು ಹಿಡಿಯುತ್ತದೆ. 2022ರಲ್ಲಿ ಫೋರ್ಡ್ ಅಮೆರಿಕದಲ್ಲಿ 29 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. ಗೇರ್ ಕೇಬಲ್ಲಿನ ತುದಿಯಲ್ಲಿರುವ ಬುಷ್ ಎಂಬ ಸಣ್ಣ ಬಳೆಯಂಥ ಭಾಗ ಸವೆದು ಕಳಚಿಕೊಂಡರೆ ಲಿವರ್ ಪಾರ್ಕ್‌ನಲ್ಲಿರುತ್ತದೆ, ಗೇರ್ ಬಾಕ್ಸ್ ಬೇರೆಲ್ಲೋ ಇರುತ್ತದೆ. 2024ರಲ್ಲಿ ಕಿಯಾ ಟೆಲ್ಯುರೈಡ್ ಗಾಡಿಗಳು, 4 ಲಕ್ಷಕ್ಕೂ ಹೆಚ್ಚು. ಅವೂ ಪಾರ್ಕ್‌ನಲ್ಲಿದ್ದಾಗಲೇ ಜಾರಬಹುದಿತ್ತು. ರಿಪೇರಿ ಆಗುವ ತನಕ ಮಾಲೀಕರಿಗೆ ಎರಡೂ ಕಂಪನಿಗಳು ಹೇಳಿದ್ದು ಒಂದೇ ಮಾತು: ಪ್ರತಿ ಸಲ ಪಾರ್ಕಿಂಗ್ ಬ್ರೇಕ್ ಹಾಕಿ. ಕಿಯಾ ಆಮೇಲೆ ಗಾಡಿ ಜಾರದಿರಲಿ ಅಂತ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕಿನ ಸಾಫ್ಟ್‌ವೇರ್ ಬದಲಿಸಿದ್ದೂ ನಿಜ. ಇದು ತಂಗಿಯ ಕಡೆಗೆ ಹೋಗುವ ಮಾತು, ಆದರೂ ಮುಚ್ಚಿಡುವುದಿಲ್ಲ. ನನ್ನ ಚಿಂತೆ ಬೇರೆ. ಇಪ್ಪತ್ತು ವರ್ಷ ಕಾರೇ ಎಲ್ಲ ನೋಡಿಕೊಂಡ ಮೇಲೆ, ‘ಇನ್ನು ನೀವೇ ಹಾಕಿ’ ಅಂತ ಪತ್ರ ಬಂದರೆ ಯಾರ ಕೈಗೆ ಆ ಅಭ್ಯಾಸ ಉಳಿದಿರುತ್ತದೆ?

ನಮ್ಮ ಕಡೆಯ ಕಷ್ಟಗಳು ಇನ್ನೂ ಬೇರೆ. ನಮ್ಮಲ್ಲಿ ಅಗ್ಗದ ಆಟೊಮ್ಯಾಟಿಕ್ ಅಂದರೆ ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರ್ ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಬಗೆ. ಹೆಚ್ಚಿನವುಗಳಲ್ಲಿ ‘ಪಿ’ ಅನ್ನುವ ಜಾಗವೇ ಇಲ್ಲ. ರಿವರ್ಸ್, ನ್ಯೂಟ್ರಲ್, ಡ್ರೈವ್, ಅಷ್ಟೇ. ತಾನಾಗಿ ಪಾರ್ಕ್‌ಗೆ ಹೋಗು ಅಂದರೆ ಎಲ್ಲಿಗೆ ಹೋಗುತ್ತದೆ? ಮ್ಯಾನ್ಯುಯಲ್ ಕಾರಿಗಂತೂ ಆ ಮಾತೇ ಇಲ್ಲ. ಹಾಗಾಗಿ ಎಲ್ಲದಕ್ಕೂ ಕರೆಂಟ್ ಮೋಟರಿನಿಂದ ಹಿಡಿಯುವ ಪಾರ್ಕಿಂಗ್ ಬ್ರೇಕ್ ಹಾಕಬೇಕಾಗುತ್ತದೆ. ಅದು ಬಂದರೆ ಬ್ಯಾಟರಿ ಇಳಿದ ದಿನ ಬ್ರೇಕ್ ಬಿಡುವುದಿಲ್ಲ, ನಾಲ್ಕು ಜನ ಸೇರಿ ತಳ್ಳುವ ಹಾಗೂ ಇಲ್ಲ. ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಾಕಿ ಮೋಟರನ್ನು ಹಿಂದಕ್ಕೆ ಸರಿಸಬೇಕು. ನಮ್ಮ ಬೀದಿಯ ಗ್ಯಾರೇಜಿನಲ್ಲಿ ಆ ಸ್ಕ್ಯಾನರ್ ಇಲ್ಲ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಲು ಅಲ್ಲಿನ ಮೆಕ್ಯಾನಿಕ್‌ಗೆ ಹತ್ತು ನಿಮಿಷ ಸಾಕು.

ತೋಟದ ದಾರಿಗಳ ಮಾತೂ ಇದೆ. ಕಾಫಿ ತೋಟದಲ್ಲಿ ಜೀಪನ್ನು ಹಿಂದಕ್ಕೆ ತಿರುಗಿಸುವಾಗ ಬಾಗಿಲು ತೆರೆದು, ತಲೆ ಹೊರಗೆ ಹಾಕಿ, ಚಕ್ರ ಅಂಚಿನಿಂದ ಎಷ್ಟು ದೂರ ಇದೆ ಅಂತ ನೋಡುತ್ತಾ ಇಂಚಿಂಚೇ ಸರಿಯಬೇಕು. ಬೆಲ್ಟ್ ಹಾಕಿಕೊಂಡು ಅಷ್ಟು ಬಗ್ಗಲು ಆಗುವುದಿಲ್ಲ. ಬ್ರೇಕ್ ಮೇಲಿನ ಕಾಲು ಸ್ವಲ್ಪ ಸಡಿಲವಾದರೆ ಸಾಕು, ಗಾಡಿಯ ಲೆಕ್ಕದಲ್ಲಿ ಡ್ರೈವರ್ ಇಳಿದ ಹಾಗೇ.

ಲಾರಿಯ ಸ್ಪ್ರಿಂಗ್ ಬ್ರೇಕ್ ಒಳ್ಳೆಯದೇ. ಆದರೆ ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರ್ ಮೊದಲು ಮಾಡುವ ಕೆಲಸ ಚಕ್ರಕ್ಕೆ ಕಲ್ಲು ಕೊಡುವುದು. ಬ್ರೇಕ್ ಇದೆ ಅಂತ ಅವನು ಕಲ್ಲು ಬಿಟ್ಟಿಲ್ಲ. ನಾಲ್ಕು ವರ್ಷದ ಹಿಂದೆ ತಂಗಿಯ ಮನೆಗೆ ಹೋದಾಗ ಸ್ಯಾನ್ ಫ್ರಾನ್ಸಿಸ್ಕೊ ನೋಡಿದೆ. ಆ ಕಡಿದಾದ ಬೀದಿಗಳಲ್ಲಿ ನಿಂತ ಕಾರುಗಳೆಲ್ಲ ಮುಂದಿನ ಚಕ್ರವನ್ನು ಫುಟ್‌ಪಾತ್ ಅಂಚಿಗೆ ತಿರುಗಿಸಿಕೊಂಡಿದ್ದವು. ಶೇಕಡಾ 3ಕ್ಕಿಂತ ಜಾಸ್ತಿ ಇಳಿಜಾರಿದ್ದರೆ ಹಾಗೆ ಮಾಡಲೇಬೇಕು, ಇಲ್ಲದಿದ್ದರೆ ದಂಡ. ಬ್ರೇಕ್ ಕೈಕೊಟ್ಟರೂ ಗಾಡಿ ಅಂಚಿಗೆ ತಾಗಿ ನಿಲ್ಲುತ್ತದೆ. ಬ್ಯಾಟರಿ ಬೇಡ, ಸೆನ್ಸರ್ ಬೇಡ. ಕಡ್ಡಾಯ ಮಾಡುವುದಾದರೆ ಇಂಥದ್ದನ್ನು ಮಾಡಿ ಅಂತ ಅವತ್ತೇ ತಂಗಿಗೆ ಹೇಳಿದ್ದೆ.

ಯೆಲ್ಚಿನ್ ಅವರ ವಿಷಯದಲ್ಲಿ ನಾನು ತಂಗಿಯ ಪರವೇ. ಗೇರ್ ಎಲ್ಲಿದೆ ಅಂತ ಕೈಗೆ ತಿಳಿಯದ ಲಿವರ್ ಮಾರಾಟಕ್ಕೇ ಬರಬಾರದಿತ್ತು. ಕಾನೂನು ತಡೆಯಬೇಕಾದದ್ದು ಅದನ್ನು.

ನನ್ನ ಹತ್ತಿರ ಕಲಿಯುವವರನ್ನು ಮೂರನೇ ದಿನ ಮಡಿಕೇರಿಯ ಏರು ಬೀದಿಗೆ ಕರೆದುಕೊಂಡು ಹೋಗುತ್ತೇನೆ. ಕಾಲು ಬ್ರೇಕ್ ಮೇಲಿರಲಿ, ಹ್ಯಾಂಡ್ ಬ್ರೇಕ್ ಎಳಿ. ಗೇರ್ ನ್ಯೂಟ್ರಲ್‌ನಲ್ಲೇ ಇರಲಿ. ಈಗ ಕಾಲು ಮೆಲ್ಲಗೆ ಎತ್ತು. ಅಲುಗಿತಾ? ಇನ್ನೂ ಒಂದು ಹಲ್ಲು ಎಳಿ. ಅಲುಗಲಿಲ್ಲ ಅಂತ ಗೊತ್ತಾದ ಮೇಲೆ ಗೇರ್ ಹಾಕು, ಚಕ್ರ ತಿರುಗಿಸು, ಎಂಜಿನ್ ಆಫ್ ಮಾಡು. ಫೋನ್ ಬಂದರೆ ಇದೆಲ್ಲ ಮುಗಿದ ಮೇಲೆ ಎತ್ತು. ಹೋದ ತಿಂಗಳು ವಿಡಿಯೊ ಕಾಲ್‌ನಲ್ಲಿ ತಂಗಿಗೂ ಇದನ್ನೇ ಅವಳ ಮನೆ ಮುಂದಿನ ಏರಿನಲ್ಲಿ ಐದು ಸಲ ಮಾಡಿಸಿದೆ.