ಬಾಣ ಹೋಗದ ಜಾಗ

ನಮ್ಮ ನಡುಮನೆಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದೇವೆ. ಸ್ಟೇಷನರಿ ಅಂಗಡಿಯಲ್ಲಿ ಸುರುಳಿ ಸುತ್ತಿ ಇಟ್ಟಿರುತ್ತಾರಲ್ಲ, ಅದೇ. ಚಡ್ಡಿ ಹಾಕಿಕೊಂಡ ಹುಡುಗ ಕೈ ಅಗಲಿಸಿ ನಿಂತಿದ್ದಾನೆ. ಅವನ ಮೈಯ ಸುತ್ತ ಬಾಣಗಳು. ಕೂದಲು, ಹಣೆ, ಹುಬ್ಬು, ಕಣ್ಣು, ಮೂಗು, ಕೆನ್ನೆ, ಗದ್ದ, ಕುತ್ತಿಗೆ, ಎದೆ, ಹೊಟ್ಟೆ, ಹೊಕ್ಕಳು. ಹೊಕ್ಕಳಾದ ಮೇಲಿನ ಬಾಣ ಸೀದಾ ತೊಡೆಗೆ ಹೋಗುತ್ತದೆ. ನಡುವೆ ಏನೂ ಇಲ್ಲ.

ನಾನು ಓದಿದ ಅಂಗನವಾಡಿಯ ಗೋಡೆ ಮೇಲೂ ಇಂಥದ್ದೇ ಚಿತ್ರ ಇತ್ತು. ಆಗ ಏನೂ ಅನ್ನಿಸಿರಲಿಲ್ಲ. ಕಳೆದ ಮಳೆಗಾಲದಲ್ಲಿ ಮಗಳಿಗೆ ಹುಷಾರು ತಪ್ಪುವವರೆಗೂ ಅನ್ನಿಸಿರಲಿಲ್ಲ.

ಪುಟ್ಟಿಗೆ ಆಗ ಎರಡು ವರ್ಷ ಮೂರು ತಿಂಗಳು. ಮೈಯ ಭಾಗಗಳ ಹೆಸರು ಹೇಳುವುದರಲ್ಲಿ ಅವಳು ಬಲು ಚೂಟಿ. ಅದಕ್ಕೆ ಕಾರಣ ನಮ್ಮತ್ತೆ. ಧಾರವಾಡದ ಪಕ್ಕದ ಹಳ್ಳಿಯವರು. ದಿನಾ ಸಂಜೆ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ಆಟ ಆಡಿಸುತ್ತಾರೆ. ನೀವೂ ಆಡಿರುತ್ತೀರಿ. ಮಗುವಿನ ಅಂಗೈಯಲ್ಲಿ ಅನ್ನ ಕಲೆಸಿದ ಹಾಗೆ ಮಾಡೋದು, ಒಂದೊಂದು ಬೆರಳಿಗೂ ಒಂದೊಂದು ತುತ್ತು ಕೊಡೋದು. ಹೆಬ್ಬೆರಳಿಗೆ, ತೋರುಬೆರಳಿಗೆ, ನಡುಬೆರಳಿಗೆ, ಉಂಗುರದ ಬೆರಳಿಗೆ, ಕಿರುಬೆರಳಿಗೆ. ಚೆಲ್ಲಿದ ಅನ್ನ ಹುಡುಕಿಕೊಂಡು ಇರುವೆ ಹೊರಡುತ್ತದೆ. ಮಣಿಕಟ್ಟು ಹತ್ತುತ್ತದೆ, ಮೊಣಕೈ ಹತ್ತುತ್ತದೆ, ತೋಳು ಹತ್ತುತ್ತದೆ, ಕೊನೆಗೆ ಕಂಕುಳಿಗೆ ಬಂದು ಕಚಗುಳಿ. ಆ ಒಂದು ಆಟದಲ್ಲೇ ಒಂಬತ್ತು ಹತ್ತು ಹೆಸರು ಬಂದುಬಿಡುತ್ತವೆ. ಎರಡು ವರ್ಷದ ಮಗು 'ಮಣಿಕಟ್ಟು' ಅನ್ನೋದನ್ನು ಕೇಳಬೇಕು, ಅಷ್ಟು ಚೆಂದ. (ಸುಮ್ನೆ ಹೇಳ್ತೀನಿ, 'ನೋಸ್ ಎಲ್ಲಿ, ಇಯರ್ಸ್ ಎಲ್ಲಿ' ಅಂತ ಕಲಿಸಿದ ಮನೆಗಳಲ್ಲಿ ಮಣಿಕಟ್ಟು, ಹಿಮ್ಮಡಿ, ಕಂಕುಳು ಯಾವ ಭಾಷೆಯಲ್ಲೂ ಬರೋದಿಲ್ಲ. ಅದು ಇನ್ನೊಂದು ದಿನದ ಮಾತು.)

ಅವಳಿಗೆ ಒಂದೊಂದು ಜಾಗಕ್ಕೆ ಎರಡೆರಡು ಹೆಸರು ಬೇರೆ. ನಾನು ಮೈಸೂರಿನವಳು, ಮುಖ ಅನ್ನುತ್ತೇನೆ. ಅತ್ತೆ ಮಾರಿ ಅನ್ನುತ್ತಾರೆ. ನನಗೆ ಬೆನ್ನು, ಅವರಿಗೆ ಡುಬ್ಬ. ಪುಟ್ಟಿಗೆ ಒಂದು ದಿನವೂ ಗೊಂದಲ ಆಗಲಿಲ್ಲ. ಯಾರ ಹತ್ತಿರ ಯಾವುದು ಅಂತ ಅವಳೇ ನೋಡಿಕೊಂಡಳು.

ಮಗು ಈ ಹೆಸರುಗಳನ್ನು ಕಲಿಯೋದು ಬರೀ ಮುದ್ದಿನ ವಿಷಯ ಅಲ್ಲ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್‌ನಲ್ಲಿ ರೂಪಿಸಿದ ಒಂದು ಪಟ್ಟಿ ಇದೆ. ಎರಡು ವರ್ಷದ ಒಳಗಿನ ಮಕ್ಕಳ ಬೆಳವಣಿಗೆ ಸರಿಯಾಗಿದೆಯಾ ಅಂತ ನೋಡಲು ಇರುವಂಥದ್ದು. ಅದರಲ್ಲಿ ಒಟ್ಟು 17 ಸಾಲು. ಕತ್ತು ನಿಲ್ಲುವುದು, ಮಗ್ಗುಲಾಗುವುದು, ನಡೆಯುವುದು ಎಲ್ಲ ಆದ ಮೇಲೆ ಕೊನೆಯ ಹೊತ್ತಿಗೆ ಬರುವುದು ಬೊಂಬೆಯ ಮೂರು ಭಾಗ ತೋರಿಸುವುದು. ಯೋಚನೆ ಮಾಡಿ. ಮಗು ತನ್ನ ಮೂಗನ್ನು ತಾನು ನೋಡಿರುವುದಿಲ್ಲ. ಅಮ್ಮನ ಮುಖದಲ್ಲಿ ನೋಡಿದ್ದನ್ನು ತನ್ನ ಮುಖದಲ್ಲಿ ಮುಟ್ಟಿ ಹುಡುಕುತ್ತದೆ. ಆಮೇಲೆ ಬಟ್ಟೆಯ ಬೊಂಬೆಯಲ್ಲಿ ಅದೇ ಜಾಗ ತೋರಿಸುತ್ತದೆ. ಬಾಯಲ್ಲಿ ಹೆಸರು ಬರುವ ಎಷ್ಟೋ ಮುಂಚೆ ಬೆರಳಿಗೆ ಗೊತ್ತಿರುತ್ತದೆ. ಎಷ್ಟು ದೊಡ್ಡ ಕೆಲಸ ಅಲ್ವಾ ಅದು!

ಇಷ್ಟೆಲ್ಲ ಗೊತ್ತಿದ್ದ ನಮ್ಮ ಪುಟ್ಟಿ ಆ ಎರಡು ದಿನ ತನಗೆ ಎಲ್ಲಿ ನೋವು ಅಂತ ಹೇಳಲಿಲ್ಲ.

ಮೊದಲು ಸುಮ್ಮನೆ ರಚ್ಚೆ. ಊಟ ಬೇಡ. ರಾತ್ರಿ ಮೈ ಬಿಸಿ. ಎಲ್ಲಿ ನೋವು ಅಂದರೆ 'ಹೊಟ್ಟೆ' ಅಂದಳು. ಓಂಕಾಳು ಕುದಿಸಿದ ನೀರು ಕುಡಿಸಿದೆವು. ಮಾರನೇ ದಿನ 'ಕಾಲು' ಅಂದಳು. ಕಾಲು ನೀವಿದೆವು. ಉಚ್ಚೆಗೆ ಹೋಗು ಅಂದರೆ ಗೋಡೆಗೆ ಒರಗಿ ಕಾಲು ಹೆಣೆದುಕೊಂಡು ನಿಲ್ಲುತ್ತಿದ್ದಳು. ಹಟ ಮಾಡುತ್ತಿದ್ದಾಳೆ ಅಂತ ನಾನು ಗದರಿದೆ ಕೂಡ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೂರನೇ ದಿನ ಬೆಳಿಗ್ಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಕುರ್ಚಿ ಎಳೆದುಕೊಂಡು ಅವಳ ಎತ್ತರಕ್ಕೆ ಬಗ್ಗಿ, "ಎಲ್ಲಿ ನೋವು ಪುಟ್ಟಿ? ನನಗೆ ತೋರಿಸ್ತೀಯಾ?" ಅಂದರು. ಪುಟ್ಟಿ ನನ್ನ ಮುಖ ನೋಡಿದಳು. ಫ್ರಾಕಿನ ಮೇಲೆ ಕೈ ಇಟ್ಟಳು. ತಕ್ಷಣ ಕೈ ತೆಗೆದು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಮತ್ತೆ ನನ್ನ ಮುಖ ನೋಡಿದಳು.

ಆ ಕೈ ತೆಗೆದದ್ದು ನಮ್ಮಿಂದ. ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಅವಳ ಕೈ ಅಲ್ಲಿಗೆ ಹೋದರೆ ಸಾಕು, 'ಛೀ, ಕೈ ತೆಗಿ' ಅನ್ನುತ್ತಿದ್ದೆವು. ಚಡ್ಡಿ ಇಲ್ಲದೆ ಓಡಿದರೆ 'ಶೇಮ್ ಶೇಮ್'. ಮಗುವಿಗೆ ಅದೇ ಅದರ ಹೆಸರಾಗಿತ್ತು. ಛೀ ಅಂತ. ಛೀ ನೋಯುತ್ತಿದೆ ಅಂತ ಯಾವ ಮಗು ತಾನೇ ಹೇಳುತ್ತದೆ?

ಮೂತ್ರದ ಸೋಂಕು ಅಂತ ಗೊತ್ತಾಯಿತು. ಮೂತ್ರ ಪರೀಕ್ಷೆ ಮಾಡಿಸಿ ಔಷಧಿ ಕೊಟ್ಟರು. ನೀರು ಜಾಸ್ತಿ ಕುಡಿಸಿ, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ ಅಂದರು. ವಾರದಲ್ಲಿ ಹುಷಾರಾದಳು. ಹೊರಡುವಾಗ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು. "ಇವಳಿಗೆ ಆ ಜಾಗದ ಹೆಸರು ಹೇಳಿಕೊಟ್ಟಿದ್ದೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಯೋಚನೆ ಮಾಡಿದೆ. ಯಾವ ಹೆಸರು ಹೇಳಿಕೊಡೋದು? ಕನ್ನಡದಲ್ಲಿ ಇದು ನಿಜವಾಗಿಯೂ ಕಷ್ಟ. ನಮ್ಮ ಆಡುಮಾತಿನ ಹೆಸರುಗಳೆಲ್ಲ ಬೈಗುಳಕ್ಕೆ ಹೋಗಿಬಿಟ್ಟಿವೆ. ಜಗಳದಲ್ಲಿ ಬಾಯಿ ತುಂಬ ಬರುವ ಆ ಮಾತುಗಳನ್ನು ಮಗುವಿಗೆ ಹೇಳಿಕೊಡಲು ಬಾಯಿ ಬರುವುದಿಲ್ಲ. ಇನ್ನೊಂದು ಕಡೆ ಪಠ್ಯಪುಸ್ತಕದ ಯೋನಿ, ಶಿಶ್ನ. ಅವು ಹತ್ತನೇ ಕ್ಲಾಸಿನಲ್ಲಿ ಟೀಚರ್ ಬೇಗಬೇಗ ಓದಿ ಪುಟ ತಿರುಗಿಸಿದ ಮಾತುಗಳು. ಮನೆಯೊಳಗೆ, ಅಡುಗೆಮನೆಯಲ್ಲಿ, ಬಚ್ಚಲಲ್ಲಿ ಆಡುವ ಮಾತು ಮಾತ್ರ ಇಲ್ಲವೇ ಇಲ್ಲ. ಅದಕ್ಕೇ ಒಂದೊಂದು ಮನೆಯಲ್ಲಿ ಒಂದೊಂದು ಗುಟ್ಟಿನ ಹೆಸರು.

ನನ್ನ ಗೆಳತಿಯ ಮನೆಯಲ್ಲಿ ಮಗನಿಗೆ ಅದು 'ಗುಬ್ಬಿ'. ಮುದ್ದಾಗಿದೆ, ಒಪ್ಪುತ್ತೇನೆ. ಆದರೆ ಆ ಮಗು ನಾಳೆ ಅಂಗನವಾಡಿಗೆ ಹೋಗಿ "ಮಿಸ್, ಗುಬ್ಬಿಗೆ ನೋವು" ಅಂದರೆ ಮಿಸ್ ಕಿಟಕಿಯ ಹೊರಗೆ ಮರ ನೋಡುತ್ತಾರೆ. ಹೆಸರು ಅಂದರೆ ನಮ್ಮ ನಾಲ್ಕು ಗೋಡೆಯ ಆಚೆಯೂ ಅರ್ಥ ಆಗಬೇಕು. ಟೀಚರಿಗೆ, ಡಾಕ್ಟರಿಗೆ, ಪಕ್ಕದ ಮನೆಯ ಆಂಟಿಗೆ. ಮೊಣಕೈಗೆ ಯಾರಾದರೂ ಗುಟ್ಟಿನ ಹೆಸರು ಇಡುತ್ತಾರಾ?

ಹಾಗಾಗಿ ನಾನು ಯೋನಿ ಅಂತಲೇ ಹೇಳಿಕೊಟ್ಟೆ. ಸರಿಯಾಗಿ ಹೇಳಬೇಕೆಂದರೆ ಅದು ಒಳಗಿನ ದಾರಿಯ ಹೆಸರು. ಆದರೆ ಕನ್ನಡದ ಮಾತಿನಲ್ಲಿ ಹೊರಗಿನ ಭಾಗಕ್ಕೂ ಅದೇ ನಡೆಯುತ್ತದೆ. ಎಲ್ಲರಿಗೂ ತಿಳಿಯುತ್ತದೆ, ಅದು ಮುಖ್ಯ. ಹಿಂದಿನದಕ್ಕೆ ಅಂಡು. ಹೇಳಿಕೊಡಲು ನನಗೆ ನಾಲ್ಕು ದಿನ ಬೇಕಾಯಿತು. ಕನ್ನಡಿ ಮುಂದೆ ನಿಂತು ನಾನೇ ಮೊದಲು ಅಂದು ಅಭ್ಯಾಸ ಮಾಡಿಕೊಂಡೆ, ದನಿ ಇಳಿಯಬಾರದು ಅಂತ. ಮೂಗು ಅನ್ನುವ ದನಿಯಲ್ಲೇ ಯೋನಿ ಅನ್ನಬೇಕು. ಪುಟ್ಟಿಗೆ ಏನೂ ಅನ್ನಿಸಲಿಲ್ಲ. ಅವಳಿಗೆ ಅದು ಎರಡಕ್ಷರದ ಇನ್ನೊಂದು ಹೆಸರು, ಅಷ್ಟೇ. ಮಣಿಕಟ್ಟಿಗಿಂತ ಸುಲಭ.

ಅತ್ತೆಗೆ ಇದು ಸರಿಬರಲಿಲ್ಲ. "ಸಣ್ಣ ಕೂಸಿಗೆ ಇಂಥಾದ್ದೆಲ್ಲಾ ಯಾಕ ಕಲಸ್ತಿ? ನಾಳೆ ಮಂದಿ ಮುಂದ ಅಂದ್ರ ಏನ್ ಮಾಡ್ತಿ?" ಅಂದರು. ಕೋಪದಿಂದಲ್ಲ, ಹೆದರಿಕೆಯಿಂದ. "ಅತ್ತೆ, ಮಂದಿ ಮುಂದೆ ಕಿವಿ ಅಂದ್ರೆ ಏನೂ ಆಗಲ್ಲ ಅಲ್ವಾ? ಇದೂ ಹಾಗೇ. ಅವಳಿಗೆ ನಾಚಿಕೆ ಇಲ್ಲ, ಇರೋದು ನಮಗೆ" ಅಂದೆ. ಅವರು ಮಾತಾಡಲಿಲ್ಲ. ಎಣ್ಣೆನೀರು ಹಾಕುವಾಗ ಅವರು ನೆತ್ತಿ, ಹಣಿ, ಮಾರಿ, ಡುಬ್ಬ ಅಂತ ಹೇಳುತ್ತಾ ಬರುತ್ತಾರೆ. ಹೊಕ್ಕಳಾದ ಮೇಲೆ ಮಾತು ನಿಲ್ಲುತ್ತಿತ್ತು. ಮತ್ತೆ ತೊಡೆಯಿಂದ ಶುರು. ಗೋಡೆಯ ಚಾರ್ಟಿನ ಹಾಗೆಯೇ.

ನನಗೆ ಇದರಲ್ಲಿ ಇಷ್ಟು ಹಟ ಯಾಕೆ ಅಂತ ಕೆಲವರು ಕೇಳಿದ್ದಾರೆ. ಸೋಂಕು ಒಂದು ಕಾರಣ. ಇನ್ನೊಂದು ನಿಮಗೂ ಗೊತ್ತು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಅಂದ ಮಕ್ಕಳು 53.22 ಪರ್ಸೆಂಟ್. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡುಮಕ್ಕಳು. ಕಿರುಕುಳ ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿಗೆ ಗೊತ್ತಿರುವವರು, ಮಗು ನಂಬಿದವರು.

ಆ ವರದಿ ಬಂದ ಮೇಲೆ, 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಅದರಲ್ಲಿ ಮಗುವಿನ ಹೇಳಿಕೆ ಹೇಗೆ ತೆಗೆದುಕೊಳ್ಳಬೇಕು ಅಂತ ವಿವರವಾಗಿ ಇದೆ. ಪೊಲೀಸರು ಮಗುವಿನ ಮನೆಗೇ ಹೋಗಬೇಕು, ಇಲ್ಲವೇ ಮಗುವಿಗೆ ಹಿಡಿಸುವ ಜಾಗಕ್ಕೆ. ಯೂನಿಫಾರ್ಮ್ ಹಾಕಿರಬಾರದು. ಆದಷ್ಟೂ ಮಹಿಳಾ ಅಧಿಕಾರಿಯೇ ಇರಬೇಕು. ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಪಕ್ಕದಲ್ಲಿರಬೇಕು. ಮತ್ತೆ, ಮಗು ಹೇಗೆ ಹೇಳುತ್ತದೋ ಹಾಗೆಯೇ ಬರೆದುಕೊಳ್ಳಬೇಕು. ಈ ಕೊನೆಯ ಮಾತು ಓದಿದಾಗ ನನಗೆ ಕೈ ತಣ್ಣಗಾಯಿತು. ಕಾನೂನು ಮಗುವಿನ ಮಾತಿಗೆ ಅಷ್ಟು ಬೆಲೆ ಕೊಟ್ಟಿದೆ. ಆ ಮಗುವಿನ ಬಾಯಲ್ಲಿ ಹೇಳಲು ಒಂದು ಮಾತು ಇಟ್ಟಿದ್ದೇವಾ ನಾವು?

ಹೆಸರು ಕಲಿಸಿದ ಮಾತ್ರಕ್ಕೆ ಮಗುವಿಗೆ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಎರಡು ವರ್ಷದ ಮಗು ತನ್ನನ್ನು ತಾನು ಕಾಯಬೇಕಾಗಿಲ್ಲ. ಕಾಯಬೇಕಾದವರು ನಾವು. ಆದರೆ ಹೆಸರು ಗೊತ್ತಿರುವ ಮಗು ಬಂದು ಹೇಳುತ್ತದೆ. ಹೇಳಿದರೆ ಬೈಯುವುದಿಲ್ಲ ಅಂತ ಅದಕ್ಕೆ ಗೊತ್ತಿರುತ್ತದೆ. (ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದುಡ್ಡು ಬೀಳಲ್ಲ, ರಾತ್ರಿ ಹಗಲು ಇರುತ್ತದೆ.)

ಗಂಡುಮಕ್ಕಳ ವಿಷಯ ಹೇಳದೆ ಹೋದರೆ ನನಗೆ ಸಮಾಧಾನ ಆಗಲ್ಲ. ಹೆಣ್ಣುಮಗುವಿಗೆ ಛೀ ಅಂದರೆ, ಗಂಡುಮಗುವಿಗೆ ತಮಾಷೆ. ಮದುವೆಮನೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ ನೋಡಿ. ಯಾರೋ ಮಾವ ಬಂದು "ಕಾಗೆ ಕಚ್ಚಿಕೊಂಡು ಹೋಗುತ್ತೆ ನೋಡು" ಅಂತಾರೆ, ಮಗು ಹೆದರಿ ಮುಚ್ಚಿಕೊಳ್ಳುತ್ತದೆ, ಸುತ್ತ ಕೂತವರೆಲ್ಲ ನಗುತ್ತಾರೆ. ಆ ಮಗುವಿನ ಮುಖ ಯಾರೂ ನೋಡುವುದಿಲ್ಲ. ಅದು ನಗುತ್ತಿರುವುದಿಲ್ಲ. ದೊಡ್ಡವರು ಹಾಗೆ ಮಾಡಿದರೆ ಸುಮ್ಮನಿರಬೇಕು ಅಂತ ಅಲ್ಲೇ ಕಲಿಯುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿ. ನಿಮ್ಮ ಮನೆಯವರೇ ಆದರೂ, ಎಷ್ಟೇ ಹಿರಿಯರಾದರೂ ಬೇಡ ಅನ್ನಿ.

ಚಾರ್ಟ್ ಅಚ್ಚು ಹಾಕುವವರಿಗೆ ಒಂದು ಮಾತು. ಚಡ್ಡಿ ಬಿಚ್ಚಿ ಅಂತ ಅಲ್ಲ. ಚಡ್ಡಿಯ ಮೇಲೆಯೇ ಒಂದು ಬಾಣ ಹಾಕಿ, ಪಕ್ಕದಲ್ಲಿ ಹೆಸರು ಬರೆಯಿರಿ. ಒಂದು ಬಾಣ ಜಾಸ್ತಿ, ಅಷ್ಟೇ. ನಾನು ನಮ್ಮ ಚಾರ್ಟಿನಲ್ಲಿ ಪೆನ್ನಿನಿಂದ ಹಾಕಿದೆ. ಪಕ್ಕದಲ್ಲಿ ಒಂದು ಹುಡುಗಿಯ ಚಿತ್ರವನ್ನೂ ಬರೆದು ಅದಕ್ಕೂ ಹಾಕಿದೆ. ಅತ್ತೆ ಅದನ್ನು ನೋಡಿದರು. ಹರಿದು ಹಾಕಲಿಲ್ಲ.

ಹೋದ ತಿಂಗಳು ಒಂದು ಬುಧವಾರ. ನಾನು ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ಅತ್ತೆಯ ಫೋನ್ ಬಂತು. ಅವರು ಆ ಹೊತ್ತಿಗೆ ಫೋನ್ ಮಾಡುವವರೇ ಅಲ್ಲ. ಹಿಂದೆ ಟಿವಿ ಸದ್ದು, ಪಕ್ಕದ ಮನೆಯವರ ಮಾತು ಕೇಳುತ್ತಿತ್ತು. ಯಾರೋ ಬಂದು ಕೂತಿದ್ದರು. ಅತ್ತೆ ದನಿ ಇಳಿಸಲಿಲ್ಲ.

"ಕೂಸು ಯೋನಿ ಉರಿತೈತಿ ಅನ್ನಾಕತ್ತೈತಿ. ನೀರು ಕುಡಿಸೇನಿ. ನೀ ಲಗೂನ ಬಾ, ಡಾಕ್ಟರ್ ಕಡೆ ಹೋಗೂಣು."