ಗೋಡೆಗೆ ತೂಗುಹಾಕಲು ಅದೇನು ಕ್ಯಾಲೆಂಡರೇ?

ಪೇಟೆಯ ಬಂದೂಕಿನ ಅಂಗಡಿಯವರು ಮೊನ್ನೆ ನನ್ನ ಕೋವಿಯನ್ನು ಚೀಲದಿಂದ ಪೂರ್ತಿ ತೆಗೆಯಲೂ ಬಿಡಲಿಲ್ಲ. ಕುದುರೆ (ಕೋವಿಯ ಮೇಲಿನ ಪುಟ್ಟ ಸುತ್ತಿಗೆ) ಕಂಡದ್ದೇ ತಡ, "ಕೇಪಿನದ್ದಲ್ಲವೇ? ಪಾಲಿಶ್ ಮಾಡಿಸಿ ಗೋಡೆಗೆ ತೂಗುಹಾಕಿ ಸಾರ್, ಚಂದ ಕಾಣುತ್ತದೆ" ಎಂದರು. ಈ ವರ್ಷ ಈ ಮಾತು ಹೇಳಿದ ನಾಲ್ಕನೆಯ ಪುಣ್ಯಾತ್ಮರು ಅವರು.

ಅಜ್ಜನ ಕೋವಿಯ ಕಥೆ ಕೇಳಿ ಕೇಳಿ ನೀವೆಲ್ಲ ಬೇಸತ್ತಿದ್ದೀರಿ, ಗೊತ್ತು. ನಳಿಗೆಯ ಬಾಯಿಯಿಂದ ಮಸಿ (ಕೋವಿಯ ಮದ್ದು) ತುಂಬಿ, ಗಜದಲ್ಲಿ (ಉದ್ದನೆಯ ಸಲಾಕೆಯಲ್ಲಿ) ಜಡಿದು, ಕೇಪು (ಕುದುರೆ ಬಡಿದಾಗ ಕಿಡಿ ಹಾರಿಸುವ ಪುಟ್ಟ ಟೋಪಿ) ಇಟ್ಟು ಈಡು ಹೊಡೆಯುವ ಕೋವಿ. ಒಂಟಿ ನಳಿಗೆಯದ್ದು ಮಲೆನಾಡಿನಲ್ಲಿ ಇನ್ನೂ ಅಲ್ಲಲ್ಲಿ ಇದೆ. ನಮ್ಮದು ಜೋಡು ನಳಿಗೆ, ಎರಡು ಕುದುರೆ. ಈಗ ಎಡಗಡೆಯ ಕುದುರೆ ಎತ್ತಿದರೆ ನಿಲ್ಲುವುದಿಲ್ಲ, ಸತ್ತ ಕೋಳಿಯ ಕತ್ತಿನಂತೆ ಜೋಲುತ್ತದೆ. ಒಳಗಿನ ಸ್ಪ್ರಿಂಗ್ ಮುರಿದಿದೆ. ಅದು ಪೆನ್ನಿನೊಳಗಿನ ಸುರುಳಿಯಂಥದ್ದಲ್ಲ, ಚಿಮಟದಂತೆ ಮಡಚಿದ ಉಕ್ಕಿನ ಪಟ್ಟಿ. ಕಾಯಿಸಿ, ಬಡಿದು, ಹದ ಕೊಟ್ಟು ಆ ಒಂದು ಕೋವಿಗೆಂದೇ ಮಾಡಬೇಕು. ಗಡಸು ಹೆಚ್ಚಾದರೆ ಗಾಜಿನಂತೆ ಒಡೆಯುತ್ತದೆ, ಕಡಿಮೆಯಾದರೆ ಬಗ್ಗಿ ಹಾಗೆಯೇ ಮಲಗುತ್ತದೆ.

ಅಜ್ಜನ ಕಾಲದಲ್ಲಿ ಊರಿನ ಆಚಾರರು ಕುಲುಮೆಯಲ್ಲೇ ಇದನ್ನು ಮಾಡಿಕೊಡುತ್ತಿದ್ದರಂತೆ. ಅವರ ಮೊಮ್ಮಗ ಈಗ ಗೇಟು, ಗ್ರಿಲ್ ಮಾಡುತ್ತಾನೆ. ಕೇಳಿದ್ದಕ್ಕೆ, "ಅಣ್ಣಾ, ಅದನ್ನು ಮುಟ್ಟಿದರೆ ನನ್ನನ್ನೇ ಒಳಗೆ ಹಾಕುತ್ತಾರೆ" ಎಂದ. ಅವನ ತಪ್ಪಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು.

ಅದೇ ಕಾಯ್ದೆಯ ಇನ್ನೊಂದು ಚೋದ್ಯ ನೋಡಿ. ರಿಪೇರಿ ಮಾಡಿದರೂ ಕೆಲಸಕ್ಕೆ ಬಾರದಷ್ಟು ಕೆಟ್ಟುಹೋದ ಹಳೆಯ ಕೋವಿಗೆ ವಿನಾಯಿತಿ ಇದೆ. ನನ್ನದು ರಿಪೇರಿಯಾಗುತ್ತದೆ, ಹಾಗಾಗಿ ಅದು ಕೋವಿಯೇ. ಲೈಸೆನ್ಸ್ ನವೀಕರಿಸಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಸರ್ಕಾರದ ಕಣ್ಣಿಗೆ ಆಯುಧ, ಅಂಗಡಿಯವರ ಕಣ್ಣಿಗೆ ಅಲಂಕಾರ! ಗೋಡೆಗೆ ತೂಗುಹಾಕಿದರೆ ಮುಂದಿನ ಚುನಾವಣೆಗೆ ಗೋಡೆಯನ್ನೂ ಹೊತ್ತುಕೊಂಡು ಹೋಗಬೇಕೇ?

2018ರಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ಬಿದನೂರಿನ ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರದಷ್ಟು ರಾಕೆಟ್‌ಗಳು ಸಿಕ್ಕಾಗ ಎಲ್ಲರೂ ಫೋಟೋ ಹಂಚಿದ್ದೇ ಹಂಚಿದ್ದು. ನಾನೂ ಹಂಚಿದ್ದೆ. ಹೆಮ್ಮೆಗೆ ಸಾವಿರ ರಾಕೆಟ್ ಇದೆ, ಬೆರಳುದ್ದದ ಸ್ಪ್ರಿಂಗ್‌ಗೆ ಜನ ಇಲ್ಲ.

ಸಿಕ್ಕಸಿಕ್ಕವರೆಲ್ಲ ಕೋವಿ ಬಿಚ್ಚಿದರೆ ಕಳ್ಳಬೇಟೆಯವರಿಗೆ ಹಬ್ಬವಲ್ಲವೇ ಎಂದು ಕೆಲವರು ಕೇಳುತ್ತಾರೆ. ನಿಜ. ಅದಕ್ಕೇ ಅಲ್ಲವೇ ಲೈಸೆನ್ಸ್ ಇದ್ದವರನ್ನು ಹುಡುಕಿಕೊಂಡು ನಾನು ಅಲೆದದ್ದು? ನನಗೆ ಹಂದಿಯೂ ಬೇಡ, ಜಿಂಕೆಯೂ ಬೇಡ. ಬರೀ ಮಸಿ ಹಾಕಿ ಒಂದು ಸದ್ದು ಮಾಡಿದರೆ ಮಂಗಗಳು ಎರಡು ದಿನ ತೋಟಕ್ಕೆ ಇಳಿಯುವುದಿಲ್ಲ. ಪಟಾಕಿ ಹೊಡೆಯಿರಿ ಎನ್ನುವವರು ನಮ್ಮ ಆಷಾಢದ ಮಳೆಯಲ್ಲಿ ಒಂದು ಪಟಾಕಿ ಹಚ್ಚಿ ತೋರಿಸಲಿ.

ಕೊನೆಗೆ ಮಡಿಕೇರಿಗೆ ಹೋದೆ. ಲೈಸೆನ್ಸ್ ಇಡೀ ರಾಜ್ಯಕ್ಕೆ ಇದ್ದದ್ದು ಪುಣ್ಯ. ಕೊಡಗಿನಲ್ಲಿ ಕೋವಿ ಗೋಡೆಯ ವಸ್ತುವಲ್ಲ. ಮಗು ಹುಟ್ಟಿದರೆ ಈಡು, ಮನೆಯಲ್ಲಿ ಸಾವಾದರೆ ಈಡು, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅದಕ್ಕೆ ಹೂವಿಟ್ಟು ಪೂಜೆ. ಬಳಕೆ ಇರುವ ಕಡೆ ರಿಪೇರಿಯ ಕೈಯೂ ಉಳಿದಿದೆ. ಲೈಸೆನ್ಸ್ ಇರುವ ಅಂಗಡಿಯ ಹಿಂಬದಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಕೋವಿಯನ್ನು ಮಡಿಲಲ್ಲಿ ಮಲಗಿಸಿಕೊಂಡರು. ಗೋಡೆಯ ಮಾತೇ ಎತ್ತಲಿಲ್ಲ. ಕೇಪು ಕೂರುವ ತುದಿಯನ್ನು ಬೆರಳಿನಿಂದ ಸವರಿ, "ಚಪ್ಪಟೆಯಾಗಿದೆ. ಖಾಲಿ ಕುದುರೆ ಬಿಟ್ಟವರು ಯಾರು?" ಎಂದರು.

"ಮಕ್ಕಳಿರಬೇಕು" ಎಂದೆ.

ಮಕ್ಕಳಲ್ಲ. ಠಾಣೆಯ ತೇವಕ್ಕೆ ಹಾಳಾಯಿತು ಎಂದು ಹೋದ ಸಲ ಇಲ್ಲಿ ಬರೆದಿದ್ದೆನಲ್ಲ, ಅದೂ ಸುಳ್ಳು. ದೀಪಾವಳಿಗೆ ಬಂದ ಭಾವನಿಗೆ ಜಂಬ ತೋರಿಸಲು ನಾನೇ ಹತ್ತು ಸಲ ಟಪ್ ಟಪ್ ಎನಿಸಿದ್ದೆ. ಹತ್ತನೆಯದಕ್ಕೆ ಒಳಗೆ ಏನೋ ಚಿಟಿಲೆಂದಿತು.

ಅವರು ನನ್ನ ಮುಖವನ್ನೊಮ್ಮೆ ನೋಡಿ, "ಮಕ್ಕಳಿಗೆ ಹೇಳಿ, ಇನ್ನು ಮುಂದೆ ಹಾಗೆ ಮಾಡಬಾರದು" ಎಂದರು. ಕೈಲ್ ಪೊಳ್ದ್‌ಗೆ ಬಂದ ಕೋವಿಗಳೇ ಸಾಲು ನಿಂತಿವೆ, ಹಬ್ಬ ಮುಗಿದ ಮೇಲೆ ಬನ್ನಿ ಎಂದು ರಸೀದಿ ಕೊಟ್ಟರು.

ಇಂದು ಬೆಳಿಗ್ಗೆ ಮನೆ ತಲುಪಿದರೆ ತೋಟದಲ್ಲಿ ಮಂಗಗಳ ಹಿಂಡು. ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು, ಕವಣೆ ಹುಡುಕಲು ಅಟ್ಟ ಹತ್ತಿದೆ.